ಎಂಟು ಗುಂಟೆಯ ಅಂಗಳ

ನೆಲದ ಅಳತೆಯನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾದ ಅಗತ್ಯವಿಲ್ಲ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಶಾಲೆಯ ಮುಖ ಕಾಣದ ಹಿರಿಯರ ನಾಲಿಗೆಯ ಮೇಲೂ ಇರುತ್ತದೆ. ಅಣ್ಣತಮ್ಮಂದಿರು ಪಾಲಾಗುವಾಗ ಅರ್ಧ ಗುಂಟೆಗಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದವರು ಯಾವ ಊರಿನಲ್ಲಿ ಇಲ್ಲ? ಇಂಥ ನಾಡಿನಲ್ಲಿ ಎಂಟು ಗುಂಟೆ ನೆಲವೆಂದರೆ ಒಂದು ಮನೆ, ಅದರ ಹಿಂದೆ ಒಂದು ಕೊಟ್ಟಿಗೆ, ಮಿಕ್ಕಿದ್ದರಲ್ಲಿ ಒಂದಿಷ್ಟು ಹಿಪ್ಪುನೇರಳೆ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಅಷ್ಟೇ ನೆಲದಲ್ಲಿ ಆಡಿ ಮುಗಿಸಬಹುದಾದ ಒಂದು ಆಟವಿದೆ. ಆ ಆಟದಲ್ಲಿ ಯುರೋಪ್ ಖಂಡದ ಕ್ಲಬ್ಬುಗಳೆಲ್ಲ ಸೆಣಸುವ ಪಂದ್ಯಾವಳಿಯೊಂದಿದೆ. ಆ ಪಂದ್ಯಾವಳಿಯ ಪ್ರಶಸ್ತಿಯನ್ನು, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗಿಂತಲೂ ಕಿರಿದಾದ ಒಂದು ದ್ವೀಪದ ತಂಡವು ಸತತ ಮೂರು ವರ್ಷ ತನ್ನದಾಗಿಸಿಕೊಂಡ ಸಂಗತಿಯನ್ನು ಈ ತಿಂಗಳ ಅಂಕಣದಲ್ಲಿ ಸಹೃದಯ ಓದುಗರ ಮುಂದಿಡಬೇಕೆಂದಿದ್ದೇನೆ. ಮಕ್ಕಳಿರುವ ಪ್ರತಿಯೊಂದು ಮನೆಗೂ ಅದರಲ್ಲಿ ಯೋಚಿಸತಕ್ಕ ವಿಷಯವಿದೆ ಎಂಬುದು ನನ್ನ ನಂಬಿಕೆ.

ಆಟದ ಹೆಸರು ಫುಟ್ಸಾಲ್. ಹೆಸರು ಹೊಸದೆನಿಸಿದರೂ ಆಟವೇನೂ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಅಮೆರಿಕದ ಉರುಗ್ವೆ ದೇಶದ ರಾಜಧಾನಿ ಮೊಂಟೆವಿಡಿಯೊದಲ್ಲಿ 1930ರ ಸುಮಾರಿಗೆ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು, ವೈ.ಎಂ.ಸಿ.ಎ. ಸಂಸ್ಥೆಯ ಹುಡುಗರು ಮಳೆಗಾಲದಲ್ಲಿಯೂ ಸೂರಿನಡಿ ಆಡುವಂತಾಗಲೆಂದು ಇದನ್ನು ರೂಪಿಸಿದರು. ಚೆಂಡನ್ನು ಕಾಲಿನಿಂದ ಆಡುವುದು ಫುಟ್‌ಬಾಲಿನಿಂದ ಬಂದದ್ದು. ಅಂಗಳದ ಅಳತೆ, ಆಟಗಾರರ ಸಂಖ್ಯೆ, ಕಾಲದ ಲೆಕ್ಕ ಮೊದಲಾದವುಗಳನ್ನು ಅವರು ಬ್ಯಾಸ್ಕೆಟ್‌ಬಾಲ್, ಹ್ಯಾಂಡ್‌ಬಾಲ್ ಮತ್ತು ವಾಟರ್ ಪೋಲೊ ಆಟಗಳಿಂದ ಆರಿಸಿಕೊಂಡರು. ಅದೇ ವರ್ಷ ಅದೇ ನಗರದಲ್ಲಿ ಫುಟ್‌ಬಾಲಿನ ಮೊಟ್ಟಮೊದಲ ವಿಶ್ವಕಪ್ ಜರುಗಿತ್ತೆಂಬುದನ್ನು ನೆನೆದರೆ, ಊರಿನ ಹುಡುಗರಿಗೆ ಆ ಆಟದ ಹುಚ್ಚು ಎಷ್ಟು ಹಿಡಿದಿದ್ದೀತೆಂಬುದನ್ನು ಊಹಿಸಬಹುದು. ಬಯಲಿಲ್ಲದ ಕಡೆ ಬಯಲಿನ ಆಟವನ್ನು ಉಳಿಸಿಕೊಳ್ಳಲು ಒಬ್ಬ ಮೇಷ್ಟ್ರು ಕಂಡುಕೊಂಡ ಉಪಾಯವಿದು. ಒಳಾಂಗಣದ ಫುಟ್‌ಬಾಲ್ ಎಂಬರ್ಥದ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಮಾತುಗಳು ಕಾಲಕ್ರಮದಲ್ಲಿ ಮೊಟಕಾಗಿ ಫುಟ್ಸಾಲ್ ಎಂದಾದವು.

ಇದರ ನಿಯಮಗಳು ಸರಳವಾಗಿವೆ. ಫುಟ್‌ಬಾಲಿನ ಒಂದು ಮೈದಾನಕ್ಕೆ ಸುಮಾರು ಒಂದೂಮುಕ್ಕಾಲು ಎಕರೆ ಬೇಕಾದರೆ, ಫುಟ್ಸಾಲಿಗೆ 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ ಸಾಕು. ಅದು ಎಂಟು ಗುಂಟೆಗಿಂತ ಕೂದಲೆಳೆಯಷ್ಟು ಕಡಿಮೆ. ಒಂದೊಂದು ಪಕ್ಷದಲ್ಲಿ ಗೋಲು ಕಾಯುವವನೂ ಸೇರಿ ಐವರು. ಗೋಲಿನ ಚೌಕಟ್ಟು 3 ಮೀಟರ್ ಅಗಲ, 2 ಮೀಟರ್ ಎತ್ತರ. ಚೆಂಡು ತುಸು ಚಿಕ್ಕದು. ಪುಟಿಯುವ ಗುಣವೂ ಕಡಿಮೆ. ಎರಡು ಮೀಟರ್ ಎತ್ತರದಿಂದ ಕೆಳಗೆ ಬಿಟ್ಟರೆ ಮೊಣಕಾಲಿನ ಆಸುಪಾಸಿಗಷ್ಟೇ ಮೇಲೇಳಬೇಕೆಂಬುದು ನಿಯಮ. ಹೀಗಾಗಿ ಚೆಂಡು ಆಕಾಶಕ್ಕೆ ಹಾರದೆ ನೆಲದ ಮೇಲೆಯೇ ಹರಿದಾಡುತ್ತದೆ. ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಅವಧಿಗಳು. ಚೆಂಡು ಆಟದಿಂದ ಹೊರಗುಳಿದ ಕ್ಷಣ ಗಡಿಯಾರವೂ ನಿಲ್ಲುತ್ತದೆಯಾದ್ದರಿಂದ ಕಾಲಹರಣ ಮಾಡಿ ಗೆಲ್ಲುವ ಜಾಣತನಕ್ಕೆ ಇಲ್ಲಿ ಅವಕಾಶವಿಲ್ಲ. ಗೆರೆ ದಾಟಿದ ಚೆಂಡನ್ನು ಮತ್ತೆ ಆಟಕ್ಕೆ ತರಲು ಕೊಡುವ ಸಮಯ ನಾಲ್ಕೇ ನಾಲ್ಕು ಸೆಕೆಂಡುಗಳು.

ಎರಡು ನಿಯಮಗಳು ವಿಶೇಷವಾಗಿ ಗಮನಾರ್ಹವಾದವು. ಒಂದು, ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಣಿದವನು ಹೊರಬಂದು ಉಸಿರು ಸುಧಾರಿಸಿಕೊಂಡು ಮತ್ತೆ ಒಳಗೆ ಹೋಗುತ್ತಾನೆ. ಬೆಂಚಿನ ಮೇಲೆ ಕುಳಿತವನು ಕೇವಲ ನೋಡುಗನಾಗಿ ಉಳಿಯುವುದಿಲ್ಲ. ಮತ್ತೊಂದು, ತಪ್ಪುಗಳನ್ನು ತಂಡದ ಒಟ್ಟು ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದು ಅವಧಿಯಲ್ಲಿ ಐದು ತಪ್ಪುಗಳವರೆಗೆ ಎದುರಾಳಿಗೆ ಸಾಮಾನ್ಯ ಒದೆತದ ಅವಕಾಶ ಮಾತ್ರ. ಆರನೆಯ ತಪ್ಪನ್ನು ಯಾರೇ ಮಾಡಲಿ, ಎದುರಾಳಿಗೆ ಹತ್ತು ಮೀಟರ್ ದೂರದಿಂದ, ನಡುವೆ ಯಾರ ಅಡ್ಡಿಯೂ ಇಲ್ಲದ ಒದೆತದ ಹಕ್ಕು ದೊರೆಯುತ್ತದೆ. ಒಬ್ಬನ ಸಿಟ್ಟಿಗೆ ಮನೆಮಂದಿಯೆಲ್ಲ ತಲೆಕೊಡಬೇಕಾದ ಸಂಸಾರದ ನ್ಯಾಯವೇ ಇಲ್ಲಿಯೂ ಇದೆಯೆನ್ನಬಹುದು.

ಅಂಗಳ ಕಿರಿದಾದ್ದರಿಂದ ಯಾರೂ ತಮ್ಮ ಸ್ಥಾನವೆಂದು ಒಂದೆಡೆ ನಿಂತಿರಲು ಸಾಧ್ಯವಿಲ್ಲ. ಮುಂದೆ ನುಗ್ಗಿದವನೇ ಮರುಗಳಿಗೆ ಹಿಂದೆ ಓಡಿ ಕಾಯಬೇಕು. ಚೆಂಡು ಕಾಲಿಗೆ ಬಂದಾಗ ಎದುರಾಳಿ ಒಂದೆರಡು ಹೆಜ್ಜೆಯಲ್ಲೇ ಇರುತ್ತಾನಾದ್ದರಿಂದ ಕಣ್ಣು, ಕಾಲು, ಬುದ್ಧಿ ಮೂರೂ ಒಂದೇ ಕ್ಷಣಕ್ಕೆ ಕೆಲಸ ಮಾಡಬೇಕು. ಬ್ರೆಜಿಲ್ ದೇಶದ ರೊನಾಲ್ಡಿನೊ, ನೇಮಾರ್ ಮೊದಲಾದ ಖ್ಯಾತನಾಮರು ಬಾಲ್ಯದಲ್ಲಿ ಇಂಥ ಕಿರಿದಾದ ಅಂಗಳಗಳಲ್ಲಿಯೇ ಕಾಲು ಪಳಗಿಸಿಕೊಂಡವರು. ಇಕ್ಕಟ್ಟು ಅವರಿಗೆ ಅಡ್ಡಿಯಾಗುವ ಬದಲು ಗುರುವಾಯಿತು.

ಯುರೋಪಿನ ಕ್ಲಬ್ಬುಗಳಿಗಾಗಿ ಅಲ್ಲಿಯ ಫುಟ್‌ಬಾಲ್ ಒಕ್ಕೂಟವು 2001-02ರ ಋತುವಿನಲ್ಲಿ ಯುಇಎಫ್‌ಎ ಫುಟ್ಸಾಲ್ ಕಪ್ ಪಂದ್ಯಾವಳಿಯನ್ನು ಆರಂಭಿಸಿತು. ಮೊದಲ ವರ್ಷ ಲಿಸ್ಬನ್ನಿನಲ್ಲಿ ಗೆದ್ದ ತಂಡ ಸ್ಪೇನಿನ ಪ್ಲಾಯಾಸ್ ದೆ ಕಾಸ್ಟೆಯೋನ್. 2018-19ರ ಋತುವಿನಿಂದ ಅದಕ್ಕೆ ಫುಟ್ಸಾಲ್ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂದಿತು. ಈವರೆಗೆ ಗೆದ್ದವರ ಪಟ್ಟಿ ನೋಡಿದರೆ ಸ್ಪೇನ್, ಪೋರ್ಚುಗಲ್, ರಷ್ಯಾ, ಇಟಲಿ, ಬೆಲ್ಜಿಯಂ ದೇಶಗಳ ಕ್ಲಬ್ಬುಗಳಲ್ಲದೆ ಕಜಾಕಿಸ್ತಾನದ ಕೈರಾತ್ ಎಂಬ ಕ್ಲಬ್ಬೂ 2013 ಮತ್ತು 2015ರಲ್ಲಿ ಗೆದ್ದಿರುವುದು ಕಂಡುಬರುತ್ತದೆ. ಸ್ಪೇನಿನ ಇಂಟರ್ ಕ್ಲಬ್ಬು ಐದು ಬಾರಿ, ಬಾರ್ಸಿಲೋನಾ ನಾಲ್ಕು ಬಾರಿ ಗೆದ್ದಿವೆ. ದೊಡ್ಡ ಹೆಸರು, ದೊಡ್ಡ ಗಂಟು ಇದ್ದವರಿಗೇ ಹೆಚ್ಚಿನ ಗೆಲುವು ಎಂಬುದು ಎಲ್ಲ ಆಟಗಳ ಹಾಗೆ ಇಲ್ಲಿಯೂ ನಿಜ. ಆದಾಗ್ಯೂ 2022-23ರ ಋತು ಬೇರೆಯದೇ ಒಂದು ಕಥೆಯನ್ನು ಹೇಳಿತು.

ಆ ಕಥೆಯ ನಾಯಕ ಒಂದು ದ್ವೀಪ. ಸ್ಪೇನಿನ ಪೂರ್ವಕ್ಕೆ ಮೆಡಿಟರೇನಿಯನ್ ಸಮುದ್ರದಲ್ಲಿರುವ ಮಯೋರ್ಕಾ ದ್ವೀಪದ ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರ್. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಜಿಲ್ಲೆಯ ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರ್. ಅಲ್ಲಿಯ ಜನಸಂಖ್ಯೆ ಒಂಬತ್ತು ಲಕ್ಷದ ಸುಮಾರಿನದು. ನಮ್ಮ ಜಿಲ್ಲೆಯದು 2011ರ ಜನಗಣತಿಯಂತೆ ಹನ್ನೆರಡೂವರೆ ಲಕ್ಷ. ಇನ್ನೊಂದು ಸಾಮ್ಯವನ್ನೂ ಹೇಳಬೇಕು. ಆ ದ್ವೀಪದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಬಂದಾಗ ತುಂಬಿ ಹರಿದು, ಬೇಸಗೆಯಲ್ಲಿ ಒಣಗುವ ಹಳ್ಳಗಳಷ್ಟೇ ಇವೆ. ನಂದಿಯ ಸುತ್ತಲ ಬೆಟ್ಟಗಳಲ್ಲಿ ಹುಟ್ಟಿದ ಹೊಳೆಗಳನ್ನು ಹೆಸರಿಗೆ ಮಾತ್ರ ಉಳಿಸಿಕೊಂಡು ಕೆರೆ, ಕುಂಟೆ, ಕೊಳವೆ ಬಾವಿಗಳನ್ನು ನಂಬಿ ಬದುಕುವ ಮಂಡಿಕಲ್, ಗುಡಿಬಂಡೆ, ಗೌರಿಬಿದನೂರು ಸೀಮೆಯವರಿಗೆ ಇದು ಅಪರಿಚಿತವಾದ ಚಿತ್ರವೇನಲ್ಲ.

ಆ ದ್ವೀಪದ ಮಾನಕೋರ್ ಎಂಬ ಊರಿನಲ್ಲಿ 1998ರಲ್ಲಿ ಒಂದು ಫುಟ್ಸಾಲ್ ಕ್ಲಬ್ಬು ಹುಟ್ಟಿತು. ಟೆನ್ನಿಸ್ ಆಟಗಾರ ರಾಫೆಲ್ ನಡಾಲ್ ಅವರ ಊರೂ ಅದೇ. ಕಾಲಕ್ರಮದಲ್ಲಿ ಕ್ಲಬ್ಬು ದ್ವೀಪದ ಮುಖ್ಯ ನಗರವಾದ ಪಾಲ್ಮಾಕ್ಕೆ ನೆಲೆ ಬದಲಿಸಿ ಪಾಲ್ಮಾ ಫುಟ್ಸಾಲ್ ಎಂದಾಯಿತು. ಹಣಕೊಟ್ಟು ಪೋಷಿಸುವ ಸಂಸ್ಥೆಗಳು ಬದಲಾದಂತೆ ಹೆಸರಿಗೆ ಮುಂದೆಹಿಂದೆ ಒಂದೊಂದು ಬಾಲ ಸೇರುತ್ತಲೂ ಕಳಚುತ್ತಲೂ ಇತ್ತು. ಇದು ಸ್ಪೇನಿನ ಲೀಗನ್ನು ಒಮ್ಮೆಯೂ ಗೆದ್ದಿರದ ತಂಡ. ಅಂತಹುದು 2022-23ರಲ್ಲಿ ಮೊಟ್ಟಮೊದಲ ಬಾರಿಗೆ ಯುರೋಪಿನ ಪಂದ್ಯಾವಳಿಗೆ ಕಾಲಿಟ್ಟಿತು.

ಆ ಪಂದ್ಯಾವಳಿಯ ಕ್ರಮವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಅಂದಿನ ಪದ್ಧತಿಯಂತೆ ಆಗಸ್ಟ್ ತಿಂಗಳಿನಲ್ಲಿ ಚಿಕ್ಕಪುಟ್ಟ ದೇಶಗಳ ಚಾಂಪಿಯನ್ನರು ಗುಂಪುಗಳಾಗಿ ಸೇರಿ ಆಡುತ್ತಿದ್ದರು. ಒಂದು ಗುಂಪಿನ ತಂಡಗಳೆಲ್ಲ ಒಂದೇ ಊರಿಗೆ ಬಂದಿಳಿದು ಕೆಲವೇ ದಿನಗಳಲ್ಲಿ ಪರಸ್ಪರ ಆಡಿ ಮುಗಿಸುತ್ತಿದ್ದವು. ಇದರಿಂದ ಪ್ರಯಾಣದ ಖರ್ಚು ಉಳಿಯುತ್ತಿತ್ತು. ಆತಿಥ್ಯ ವಹಿಸಿದ ಸಣ್ಣ ಊರಿಗೆ ಹಬ್ಬವೂ ಆಗುತ್ತಿತ್ತು. ಅಲ್ಲಿ ಉಳಿದವರು ಚಳಿಗಾಲದ ಮೊದಲಿಗೆ ಮುಖ್ಯ ಸುತ್ತಿಗೆ ಬಂದು ಬಲಿಷ್ಠರನ್ನು ಎದುರಿಸುವರು. ಆಮೇಲೆ ನಾಲ್ಕು ನಾಲ್ಕು ತಂಡಗಳ ನಾಲ್ಕು ಗುಂಪುಗಳು. ಆ ನಾಲ್ಕರ ಅಗ್ರಗಣ್ಯರು ಮೇ ತಿಂಗಳಿನಲ್ಲಿ ಒಂದೇ ಊರಿನಲ್ಲಿ ಕೂಡಿ ಸೆಮಿಫೈನಲ್, ಫೈನಲ್ ಆಡುವರು. ಎಷ್ಟೇ ಚಿಕ್ಕ ದೇಶದ ಚಾಂಪಿಯನ್ನರಿಗಾದರೂ ಮೇಲೇರಲು ಒಂದು ಏಣಿಯಿತ್ತು. ಆ ಏಣಿಯ ಕೊನೆಯ ಮೆಟ್ಟಿಲು ಯಾರ ಮನೆಯ ಬಾಗಿಲಿಗೂ ಸೇರಿದ್ದಲ್ಲ ಎಂಬುದೇ ಅದರ ಸೊಗಸು.

2023ರ ಮೇ ತಿಂಗಳಿನ ಅಂತಿಮ ಪಂದ್ಯಗಳು ಪಾಲ್ಮಾ ನಗರದಲ್ಲಿಯೇ ಜರುಗಿದವು. ಉಳಿದ ಮೂವರು ಪೋರ್ಚುಗಲ್ಲಿನ ಬೆನ್ಫಿಕಾ, ಸ್ಪೋರ್ಟಿಂಗ್ ಮತ್ತು ಬೆಲ್ಜಿಯಂನ ಆಂಡರ್ಲೆಕ್ಟ್. ಬೆನ್ಫಿಕಾ, ಸ್ಪೋರ್ಟಿಂಗ್ ಎರಡೂ ಲಿಸ್ಬನ್ನಿನ ಶತಮಾನ ದಾಟಿದ ಮಹಾಸಂಸ್ಥೆಗಳು. ಎರಡೂ ಹಿಂದೆ ಈ ಕಪ್ ಗೆದ್ದಿದ್ದವು. ಪಾಲ್ಮಾ ಮೊದಲು ಬೆನ್ಫಿಕಾವನ್ನು ಮಣಿಸಿತು. ಮೇ 7ರ ಫೈನಲ್ಲಿನಲ್ಲಿ ಸ್ಪೋರ್ಟಿಂಗ್ ಎದುರಾಯಿತು. ನಿಗದಿತ ಕಾಲ ಕಳೆದು, ಹೆಚ್ಚುವರಿ ಕಾಲವೂ ಕಳೆದು, ಎರಡೂ ಕಡೆ ಒಂದೊಂದೇ ಗೋಲು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ 5-3ರಿಂದ ದ್ವೀಪದವರು ಗೆದ್ದರು. ಕಾಲಿಟ್ಟ ಮೊದಲ ಋತುವಿನಲ್ಲಿಯೇ ಕಿರೀಟ. ಆಂಟೋನಿಯೊ ವಡಿಲ್ಯೊ ಅವರ ಗರಡಿಯಲ್ಲಿ ಹಲವು ವರ್ಷ ಪಳಗಿದ ತಂಡವದು.

ಒಂದು ಸಲದ ಗೆಲುವನ್ನು ಅದೃಷ್ಟವೆಂದು ತಳ್ಳಿಹಾಕಬಹುದು. ಪೆನಾಲ್ಟಿಯಲ್ಲಿ ಗೆದ್ದದ್ದನ್ನಂತೂ ಹಾಗೆನ್ನುವವರೇ ಹೆಚ್ಚು. ಆದರೆ ಮರುವರ್ಷ, 2024ರ ಮೇ ತಿಂಗಳಿನಲ್ಲಿ ಅರ್ಮೇನಿಯಾದ ಯೆರೆವಾನ್ ನಗರದಲ್ಲಿ ಅದೇ ಪಾಲ್ಮಾ ತಂಡ ಬಾರ್ಸಿಲೋನಾದಂತಹ ಘಟಾನುಘಟಿಯನ್ನು 5-1ರಿಂದ ಸೋಲಿಸಿತು. 2025ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಕೈರಾತ್ ಕ್ಲಬ್ಬನ್ನು 9-4ರಿಂದ ಸೋಲಿಸಿತು. ಸತತ ಮೂರು ವರ್ಷ ಈ ಪ್ರಶಸ್ತಿಯನ್ನು ಗೆದ್ದ ಕ್ಲಬ್ಬು ಅದಕ್ಕೆ ಮೊದಲು ಒಂದೂ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ತಂಡದಲ್ಲಿ ಆಡಿದವರೆಲ್ಲ ದ್ವೀಪದಲ್ಲೇ ಹುಟ್ಟಿದವರಲ್ಲ. ಬ್ರೆಜಿಲ್ಲಿನಿಂದ ಬಂದವರು ಹಲವರು. ಸ್ಪೇನಿನ ಬೇರೆ ಪ್ರಾಂತ್ಯದವರೂ ಇದ್ದರು. ಅವರಿಗೆ ಸಂಬಳವಿತ್ತು, ಕರಾರಿತ್ತು. ಹಾಗಿದ್ದ ಮೇಲೆ ಇದನ್ನು ಊರಿನ ಗೆಲುವೆಂದು ಹೇಗೆ ಕರೆಯುವುದೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆಟಗಾರರು ಬಂದರು, ಹೋದರು. 1998ರಿಂದ ಕಾಲು ಶತಮಾನ ಕಾಲ ಅಲ್ಲಿ ನಿಂತದ್ದು ಸಂಸ್ಥೆ. ಸೋತ ವರ್ಷಗಳಲ್ಲಿಯೂ ಬಾಗಿಲು ತೆರೆದಿಟ್ಟವರು, ಚೀಟಿ ಕೊಂಡು ಬಂದು ಕುಳಿತವರು ಆ ದ್ವೀಪದವರು. ಬೇರು ಒಂದೆಡೆ ಇದ್ದುದರಿಂದಲೇ ಹೊರಗಿನ ರೆಂಬೆ ಅಲ್ಲಿ ಕಸಿಯಾಗಿ ಫಲ ಕೊಟ್ಟಿತು. ಬೇರಿಲ್ಲದ ಕಡೆ ಕಸಿ ಕಟ್ಟಲು ಹೋದರೆ ಏನಾಗುತ್ತದೆಂಬುದಕ್ಕೆ ನಿದರ್ಶನವನ್ನು ನಾವು ದೂರ ಹುಡುಕಬೇಕಾಗಿಲ್ಲ.

2016ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದಲ್ಲಿಯೇ ಪ್ರೀಮಿಯರ್ ಫುಟ್ಸಾಲ್ ಎಂಬ ಪಂದ್ಯಾವಳಿ ಬಹು ಆಡಂಬರದಿಂದ ಆರಂಭವಾಯಿತು. ಪೋರ್ಚುಗಲ್ಲಿನ ಲೂಯಿಸ್ ಫಿಗೊ ಅಧ್ಯಕ್ಷರು, ವಿರಾಟ್ ಕೊಹ್ಲಿ ರಾಯಭಾರಿ, ಹಾಡಿಗೆ ಎ.ಆರ್. ರೆಹಮಾನ್. ಆರು ನಗರಗಳ ಹೆಸರಿನಲ್ಲಿ ಆರು ತಂಡಗಳು. ಅವುಗಳಲ್ಲಿ ಬೆಂಗಳೂರು ಫೈವ್ಸ್ ಕೂಡ ಒಂದು. ಇಂಗ್ಲೆಂಡಿನ ಪಾಲ್ ಸ್ಕೋಲ್ಸ್ ಅದರ ತಾರೆ. ಪಂದ್ಯಗಳು ನಡೆದದ್ದು ಚೆನ್ನೈ ಮತ್ತು ಗೋವಾಗಳಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡ ಆ ಋತುವಿನಲ್ಲಿ ಬೆಂಗಳೂರಿನ ನೆಲದ ಮೇಲೆ ಒಂದು ಪಂದ್ಯವನ್ನೂ ಆಡಲಿಲ್ಲ. ಚೆನ್ನೈನಲ್ಲಿ ಗೋವಾ ತಂಡದ ಎದುರು ಅದು 2-7ರಿಂದ ಸೋತಿತು. ಆ ಏಳರಲ್ಲಿ ಐದು ಗೋಲುಗಳು ರೊನಾಲ್ಡಿನೊ ಒಬ್ಬರವೇ. ನೋಡಿದವರ ಕಣ್ಣು ತಣಿದದ್ದು ನಿಜ. ಆದರೆ ಋತು ಮುಗಿಯುವ ಮೊದಲೇ ಅವರು ತಾಯ್ನಾಡಿಗೆ ಮರಳಿದರು.

ಮರುವರ್ಷ ಎರಡನೆಯ ಋತು ನಡೆಯಿತು. ಕೆಲವು ನಗರಗಳು ಹೋಗಿ ಬೇರೆ ಬಂದವು. ಬೆಂಗಳೂರಿನ ತಂಡದ ಹೆಸರು ಬೆಂಗಳೂರು ರಾಯಲ್ಸ್ ಎಂದಾಯಿತು. ಮೂರನೆಯ ಋತು ನಡೆಯಲೇ ಇಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಮನ್ನಣೆ ಆ ಪಂದ್ಯಾವಳಿಗಿರಲಿಲ್ಲವೆಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದ ಮಾತು, ಆ ತಂಡಗಳ ಹಿಂದೆ ವರ್ಷವಿಡೀ ಬಾಗಿಲು ತೆರೆದಿರುವ ಕ್ಲಬ್ಬಾಗಲಿ, ಸಂಜೆ ಹೊತ್ತು ಹುಡುಗರು ಬಂದು ಆಡುವ ಅಂಗಳವಾಗಲಿ ಇರಲಿಲ್ಲ. ಜಾತ್ರೆಗೆ ಬಂದ ಅಂಗಡಿ ಜಾತ್ರೆ ಮುಗಿದ ಮೇಲೆ ಉಳಿಯುವುದುಂಟೆ? ಮುಂದೆ 2021ರ ನವೆಂಬರಿನಲ್ಲಿ ಫೆಡರೇಷನ್ನೇ ದೆಹಲಿಯಲ್ಲಿ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಆರಂಭಿಸಿತು. ದೆಹಲಿ ಎಫ್‌ಸಿ ಅದರ ಮೊದಲ ವಿಜೇತ ತಂಡ. ಸದ್ದುಗದ್ದಲ ಕಡಿಮೆಯಿದ್ದರೂ ಅದು ಕ್ಲಬ್ಬುಗಳನ್ನು ಆಧರಿಸಿ ಇಟ್ಟ ಹೆಜ್ಜೆ.

ಬೆಂಗಳೂರಿಗೆ ಬೇರಿನ ಅರಿವಿಲ್ಲವೆಂದಲ್ಲ. ಹಲಸೂರಿನ ಬಳಿಯ ಗೌತಮಪುರದ ಬೀದಿಗಳಲ್ಲಿ ತಲೆಮಾರುಗಳಿಂದ ಫುಟ್‌ಬಾಲ್ ಉಸಿರಾಗಿದೆ; ಅಲ್ಲಿಯವರು ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು ಆಡಿ 1-2ರಿಂದ ಸೋತಾಗ ನಮ್ಮ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದ ಬಹುಪಾಲು ಆಟಗಾರರು ಆಡಿದ್ದು ಬರಿಗಾಲಿನಲ್ಲಿ. ಬೂಟಿಲ್ಲದೆ ಒಲಿಂಪಿಕ್ಸ್‌ವರೆಗೆ ಹೋದವರುಂಟು. ಆಡಲು ನೆಲವಿಲ್ಲದೆ ಹೋದವರು ಯಾರೂ ಇಲ್ಲ.

ಹಳ್ಳಿಯ ಉದಾಹರಣೆ ಬೇಕಾದರೆ ಅದೂ ನಮ್ಮ ರಾಜ್ಯದಲ್ಲಿಯೇ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆದಾಗ ಗೆದ್ದ ಭಾರತದ ವನಿತೆಯರ ತಂಡದಲ್ಲಿ ಬಿ. ಚೈತ್ರಾ ಎಂಬ ಯುವತಿಯಿದ್ದರು. ಆಕೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ರೈತರ ಮನೆಯ ಮಗಳು. ಖೋ ಖೋ ಅಂಗಳಕ್ಕೂ ಎಕರೆಗಟ್ಟಲೆ ನೆಲ ಬೇಕಿಲ್ಲ. ಬೇಕಾದದ್ದು ಊರಿನಲ್ಲೊಂದು ಮಟ್ಟಸವಾದ ಜಾಗ, ದಿನವೂ ತಪ್ಪದೆ ನಿಂತು ಕಲಿಸುವವರು, ಹಾಗೂ ಮಗಳನ್ನು ಚಡ್ಡಿ ಹಾಕಿಸಿ ಅಂಗಳಕ್ಕೆ ಕಳಿಸುವಷ್ಟು ಧೈರ್ಯವಿರುವ ತಾಯಿತಂದೆ.

ಈ ಕನ್ನಡಿಯಲ್ಲಿ ನಮ್ಮ ಮಂಡಿಕಲ್ ಹೋಬಳಿಯ ಊರುಗಳನ್ನು ನೋಡಿಕೊಳ್ಳೋಣ. ಹಿಂದೆ ಪ್ರತಿ ಊರಿನ ಅಂಚಿನಲ್ಲಿ ಕಣಗಳಿದ್ದವು. ರಾಗಿ ಕೊಯ್ಲಾದ ಮೇಲೆ ನೆಲವನ್ನು ಹದಮಾಡಿ, ಸಗಣಿ ಸಾರಿಸಿ, ಕನ್ನಡಿಯಂತೆ ನುಣುಪಾಗಿಸುತ್ತಿದ್ದರು. ಒಕ್ಕಣೆ ಮುಗಿದು ರಾಶಿ ಮನೆ ಸೇರಿ, ಹುಲ್ಲು ಬಣವೆಯಾದ ಮೇಲೆ ಆ ಕಣ ಮಕ್ಕಳದು. ಚಿಣ್ಣಿದಾಂಡು, ಲಗೋರಿ, ಕಬಡ್ಡಿ ಎಲ್ಲಕ್ಕೂ ಅದೇ ಅಂಗಳ. ಯಾರೂ ಆಟದ ಮೈದಾನವೆಂದು ಹೆಸರಿಟ್ಟು ಉದ್ಘಾಟಿಸಿರಲಿಲ್ಲ. ಆದರೂ ಮಕ್ಕಳಿಗೆ ನೆಲವಿತ್ತು. ಈಗ ಒಕ್ಕಣೆ ಯಂತ್ರದ ಪಾಲಾಗಿದೆ, ಇಲ್ಲವೇ ಡಾಂಬರು ರಸ್ತೆಯ ಪಾಲಾಗಿದೆ. ಕಣಗಳಿದ್ದ ಜಾಗದಲ್ಲಿ ಮನೆಗಳೆದ್ದಿವೆ. ಹೆದ್ದಾರಿಗೆ ಹತ್ತಿರವಾದ ಹೊಲಗಳಲ್ಲಿ ನಿವೇಶನದ ಕಲ್ಲುಗಳು ನಿಂತಿವೆ. ಕಣ ಹೋದದ್ದಕ್ಕೆ ಯಾರೂ ಅಳಲಿಲ್ಲ, ಏಕೆಂದರೆ ರಾಗಿಗೆ ಅದರ ಅಗತ್ಯ ತೀರಿತ್ತು. ಮಕ್ಕಳಿಗೂ ಅದರ ಅಗತ್ಯವಿತ್ತೆಂಬುದು ಹಿರಿಯರ ಲೆಕ್ಕಕ್ಕೆ ಬರಲಿಲ್ಲ.

ಪರಿಣಾಮವನ್ನು ಎಲ್ಲ ಮನೆಗಳೂ ಉಣ್ಣುತ್ತಿವೆ. ಗಂಡುಮಕ್ಕಳು ರಸ್ತೆಯಲ್ಲಿ ವಿಕೆಟ್ ನೆಟ್ಟು ಆಡುತ್ತಾರೆ. ಟಿಪ್ಪರ್ ಬಂದಾಗ ಒಂದು ಬದಿಗೆ ಸರಿದು ಮತ್ತೆ ನೆಡುತ್ತಾರೆ. ಹೆಣ್ಣುಮಕ್ಕಳಿಗೆ ಆ ರಸ್ತೆಯೂ ಇಲ್ಲ. ಹನ್ನೆರಡು ದಾಟಿದ ಮಗಳು ಸಂಜೆ ಓಡಿ ಬೆವರುವುದನ್ನು ಕಂಡವರು ಇಂದು ಎಷ್ಟು ಮಂದಿ? ಮಿಕ್ಕವರ ಸಂಜೆಯೆಲ್ಲ ಅಂಗೈಯಗಲದ ಮೊಬೈಲ್ ಪರದೆಯೊಳಗೆ ಮುಳುಗುತ್ತದೆ. ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂದು ದೂರುವ ನಾವು, ಬಿಟ್ಟು ಎಲ್ಲಿಗೆ ಹೋಗಬೇಕೆಂಬ ಅವರ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿದ್ದೇವೆಯೇ? ಬೆಂಗಳೂರಿನಲ್ಲಿ ಹಸಿರು ಹಾಸು ಹಾಸಿ, ಸುತ್ತ ಬಲೆ ಕಟ್ಟಿ, ಗಂಟೆಗೆ ಇಷ್ಟೆಂದು ಬಾಡಿಗೆ ಹಿಡಿಯುವ ಅಂಗಳಗಳಿವೆ. ಅವು ಉಳ್ಳವರ ಮಕ್ಕಳಿಗೆ ಒದಗಬಹುದು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಹೂವು ಬಿಡಿಸಿ, ಆಮೇಲೆ ಶಾಲೆಗೆ ಓಡುವ ನಮ್ಮ ಮಕ್ಕಳಿಗೆ ಒದಗಲಾರವು.

ಆಟವಾಡಿದರೆ ಓದು ಕೆಡುತ್ತದೆಂಬ ಆತಂಕ ತಂದೆತಾಯಂದಿರಿಗೆ ಸಹಜವಾದದ್ದು. ಹತ್ತನೆಯ ತರಗತಿಯ ಅಂಕಪಟ್ಟಿಯೇ ಮಗುವಿನ ಜಾತಕವೆಂದು ಭಾವಿಸುವ ಕಾಲದಲ್ಲಿ ಅದನ್ನು ಹೀಗಳೆಯುವುದು ಸರಿಯಲ್ಲ. ಆದರೆ ಈ ಆಟದ ಅವಧಿಯನ್ನೇ ನೋಡಿ: ಇಪ್ಪತ್ತು ಮತ್ತು ಇಪ್ಪತ್ತು ನಿಮಿಷ; ನಡುವಿನ ಬಿಡುವು, ಗಡಿಯಾರ ನಿಲ್ಲುವ ಹೊತ್ತು ಎಲ್ಲ ಸೇರಿ ಒಂದೂವರೆ ಗಂಟೆಯೊಳಗಿನ ಮಾತು. ಆ ಹೊತ್ತಿನಲ್ಲಿ ಮಗು ಕಲಿಯುವುದನ್ನು ಯಾವ ಮನೆಪಾಠದಲ್ಲಿ ಹೇಳಿಕೊಡುತ್ತಾರೆ? ತಾನು ಮಾಡಿದ ತಪ್ಪು ಐವರ ಲೆಕ್ಕಕ್ಕೆ ಬರುತ್ತದೆ. ದಣಿದಾಗ ಜಾಗ ಬಿಟ್ಟುಕೊಡುವುದು ಅವಮಾನವಲ್ಲ. ಮುಂದೆ ನಿಂತು ಗೋಲು ಹೊಡೆದವನಿಗೆ ಹಿಂದೆ ಓಡಿ ಕಾಯುವ ಹೊಣೆಯೂ ಇದೆ. ಸೋತ ಮೇಲೆ ಎದುರಾಳಿಯ ಕೈಕುಲುಕಿ ಮನೆಗೆ ಬಂದು ಊಟ ಮಾಡಿ ಪುಸ್ತಕ ಹಿಡಿಯುವುದೂ ಒಂದು ವಿದ್ಯೆ. ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಾತ್ರಕ್ಕೆ ಜೀವನವೇ ಮುಗಿಯಿತೆಂದು ಕುಗ್ಗುವ ಮಕ್ಕಳ ಸುದ್ದಿ ಓದಿದಾಗಲೆಲ್ಲ, ಸೋಲನ್ನು ವಾರಕ್ಕೊಮ್ಮೆಯಾದರೂ ಸಣ್ಣ ಪ್ರಮಾಣದಲ್ಲಿ ಉಂಡು ಜೀರ್ಣಿಸಿಕೊಳ್ಳುವ ಅಭ್ಯಾಸ ಅವರಿಗಿದ್ದಿದ್ದರೆ ಎನಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕೋಟಿ ರೂಪಾಯಿಯ ಕ್ರೀಡಾಂಗಣದ ಮಾತನ್ನು ನಾನು ಎತ್ತುವುದಿಲ್ಲ. ಎಂಟು ಗುಂಟೆ ಮಟ್ಟಸವಾದ ನೆಲ ಸಾಕು. ಅಷ್ಟೂ ದೊರೆಯದಿದ್ದರೆ ಸ್ಥಳೀಯ ಪಂದ್ಯಗಳಿಗೆ 25 ಮೀಟರ್ ಉದ್ದ, 16 ಮೀಟರ್ ಅಗಲದ ಅಂಗಳವನ್ನೂ ನಿಯಮಗಳು ಒಪ್ಪುತ್ತವೆ. ಅದು ನಾಲ್ಕೇ ಗುಂಟೆ. ಶಾಲೆಯ ಅಂಗಳ, ಗುಡಿಯ ಮುಂದಿನ ಬಯಲು, ಗ್ರಾಮಠಾಣಾದಲ್ಲಿ ಉಳಿದ ಖಾಲಿ ಜಾಗ, ಯಾವುದಾದರೂ ಆದೀತು. ಉದ್ಯೋಗ ಖಾತ್ರಿಯ ಕೂಲಿಯಿಂದ ರಾಜ್ಯದ ಎಷ್ಟೋ ಗ್ರಾಮಗಳಲ್ಲಿ ಶಾಲಾ ಮೈದಾನಗಳು ಸಿದ್ಧವಾಗಿರುವುದನ್ನು ಕಂಡಿದ್ದೇವೆ. ನೀರು ನಿಲ್ಲದಂತೆ ಒಂದಿಷ್ಟು ಇಳಿಜಾರು, ಕಲ್ಲುಮುಳ್ಳು ಆಯ್ದು ಗಟ್ಟಿಸಿದ ಮಣ್ಣು, ಸುಣ್ಣದ ಗೆರೆ, ಕೊಳವೆಗಳನ್ನು ಬೆಸೆದು ಮಾಡಿದ ಎರಡು ಗೋಲುಗಳು, ಒಂದೆರಡು ಚೆಂಡು. ಒಂದು ಮದುವೆಯ ಶಾಮಿಯಾನಕ್ಕೆ ತಗಲುವ ಖರ್ಚಿನೊಳಗೆ ಇದೆಲ್ಲ ಮುಗಿಯಬಹುದು.

ಕಷ್ಟವಾದದ್ದು ಅದರ ಮುಂದಿನ ಭಾಗ. ಅಂಗಳ ಮಾಡುವುದಕ್ಕಿಂತ ಉಳಿಸುವುದು ಕಠಿಣ. ಸಂಜೆ ಶಾಲೆಯ ಬೀಗದ ಕೈ ಯಾರಲ್ಲಿರಬೇಕು, ಗುಡಿಸುವ ಸರದಿ ಯಾರದು, ಮಳೆಯ ನಂತರ ಕೊಚ್ಚಿಹೋದ ಮಣ್ಣು ಹಾಕುವವರು ಯಾರು, ವಾರದಲ್ಲಿ ಯಾವ ಸಂಜೆಗಳು ಹೆಣ್ಣುಮಕ್ಕಳಿಗೇ ಮೀಸಲು, ಆ ಹೊತ್ತಿನಲ್ಲಿ ಅಲ್ಲಿ ಕುಳಿತಿರುವ ಹಿರಿಯ ತಾಯಂದಿರು ಯಾರು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಬೇಕು. ಪಾಲ್ಮಾದವರ ಕಪ್ಪಿನ ಹಿಂದೆಯೂ ಇಂಥ ಕಾಣದ ಕೆಲಸಗಳ ಇಪ್ಪತ್ತೈದು ವರ್ಷಗಳಿದ್ದವು. ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆನ್ನುವವರಿಗೆ ಒಂದು ಮಾತು: 2025ರಲ್ಲಿ ಫಿಲಿಪ್ಪೀನ್ಸ್ ದೇಶದಲ್ಲಿ ವನಿತೆಯರ ಮೊದಲ ಫುಟ್ಸಾಲ್ ವಿಶ್ವಕಪ್ಪೂ ನಡೆದಾಯಿತು.

ನಮ್ಮ ಊರಿನಿಂದ ಯುರೋಪಿನ ಕಪ್ ಗೆಲ್ಲುವವರು ಹುಟ್ಟಿಬರುತ್ತಾರೆಂದು ನಾನು ಆಸೆ ತೋರಿಸುತ್ತಿಲ್ಲ. ಹೆಚ್ಚಿನ ಮಕ್ಕಳು ನಾಲ್ಕಾರು ವರ್ಷ ಆಡಿ, ಆಮೇಲೆ ತಂತಮ್ಮ ಉದ್ಯೋಗ, ಸಂಸಾರಗಳಿಗೆ ಹೊರಟುಹೋಗುತ್ತಾರೆ. ಹಾಗೆ ಹೋಗುವಾಗ ಗಟ್ಟಿಯಾದ ಮೈಯನ್ನೂ, ಸೋಲಿಗೆ ಹೆದರದ ಮನಸ್ಸನ್ನೂ, ಯಾರ ಮನೆಯ ಮಗುವೆಂದು ವಿಚಾರಿಸದೆ ಚೆಂಡು ಕೊಟ್ಟ ಐವರ ಗೆಳೆತನವನ್ನೂ ಒಯ್ದರೆ ಅಷ್ಟೇ ಸಾಕು. ನಿವೇಶನದ ಕಲ್ಲು ನೆಡುವ ವೇಗ ನೋಡಿದರೆ ಇನ್ನು ಹತ್ತು ವರ್ಷಕ್ಕೆ ಈ ಎಂಟು ಗುಂಟೆಯೂ ಹಣಕೊಟ್ಟರೂ ದೊರೆಯದಂತಾಗಬಹುದು. ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನ ಅರಿಕೆಯಿಷ್ಟೆ: ಈ ತಿಂಗಳು ಬಿಡುವು ಮಾಡಿಕೊಂಡು ನಿಮ್ಮ ಊರಿನಲ್ಲಿ ಉಳಿದಿರುವ ಬಯಲನ್ನು ಹಗ್ಗ ಹಿಡಿದು ಒಮ್ಮೆ ಅಳೆಯಿರಿ. ಉದ್ದ 131 ಅಡಿ, ಅಗಲ 66 ಅಡಿ. ಅಳತೆಗೆ ಸಿಕ್ಕರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಮಕ್ಕಳ ಹೆಸರಿನಲ್ಲಿ ಬರೆಯಿಸಿರಿ. ಅಳೆಯುವಾಗ ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ನಿಮ್ಮ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವುದನ್ನು ಮರೆಯಬೇಡಿ.